ಗಂಡು ಸಂತಾನದ ಬಯಕೆ: ದಕ್ಷಿಣ ಕೊರಿಯಾದ ಅನುಭವ ಮತ್ತು ನಮ್ಮ ಹೊಣೆ



ಹೆಣ್ಣು ಮಗುವಿನ ರಕ್ಷಣೆಗಾಗಿ ಗ್ರಾಮಸಭೆಗಳಲ್ಲಿ ಪ್ರತಿಜ್ಞೆ ಬೋಧಿಸುತ್ತೇವೆ, ಗೋಡೆಬರಹ ಬರೆಸುತ್ತೇವೆ. ಇವು ಅಗತ್ಯವೇ. ಆದರೆ ಕುಟುಂಬಗಳು ಗಂಡು ಮಗುವನ್ನೇ ಏಕೆ ಬಯಸುತ್ತವೆ ಎಂಬುದನ್ನು ಅರಿಯದೆ ಆ ಬಯಕೆಯನ್ನು ಬದಲಿಸಲಾಗದು. ಇದನ್ನು ಅರಿಯಲು ದಕ್ಷಿಣ ಕೊರಿಯಾದ ಅನುಭವ ಉಪಯುಕ್ತವಾಗಿದೆ.

ಸಹಜವಾಗಿ 100 ಹೆಣ್ಣು ಶಿಶುಗಳಿಗೆ ಸುಮಾರು 105 ಗಂಡು ಶಿಶುಗಳು ಜನಿಸುತ್ತವೆ. ಕೊರಿಯಾದಲ್ಲಿ 1990ರಲ್ಲಿ ಈ ಸಂಖ್ಯೆ 116ನ್ನು ಮೀರಿತ್ತು. ಅದು ಬಡತನದ ಅಥವಾ ಅನಕ್ಷರತೆಯ ಫಲವಾಗಿರಲಿಲ್ಲ. ಕುಟುಂಬಗಳು ಚಿಕ್ಕದಾಗಿದ್ದವು, ಇರುವ ಒಬ್ಬಿಬ್ಬರಲ್ಲಿ ಒಬ್ಬ ಮಗನಾದರೂ ಬೇಕೆಂಬ ಒತ್ತಡಕ್ಕೆ ಸ್ಕ್ಯಾನಿಂಗ್ ಯಂತ್ರ ದಾರಿ ತೋರಿತ್ತು.

ಈ ಒತ್ತಡಕ್ಕೆ ಮೂರು ಕಾರಣಗಳಿದ್ದವು. ‘ಹೋಜು’ ಎಂಬ ಕುಟುಂಬ ನೋಂದಣಿ ಪದ್ಧತಿಯಲ್ಲಿ ಮನೆಯ ಯಜಮಾನಿಕೆ ತಂದೆಯಿಂದ ಮಗನಿಗೆ ಸಲ್ಲುತ್ತಿತ್ತು. ಮದುವೆಯಾದ ಮಗಳ ಹೆಸರು ಗಂಡನ ಮನೆಯ ದಾಖಲೆಗೆ ಹೋಗುತ್ತಿತ್ತು. ಪಿತೃಪೂಜೆ ಹಿರಿಯ ಮಗನ ಕರ್ತವ್ಯವಾಗಿತ್ತು. ವೃದ್ಧ ತಂದೆತಾಯಿಯರ ಆಸರೆಯೂ ಅವನದೇ ಆಗಿತ್ತು. ಅಂದರೆ ಮಗಳ ಮೇಲೆ ಪ್ರೀತಿಯಿರಲಿಲ್ಲವೆಂದಲ್ಲ. ಮಗನಿಲ್ಲದ ಮನೆಗೆ ನೆಲೆಯಿಲ್ಲದಂತೆ ವ್ಯವಸ್ಥೆಯೇ ರೂಪುಗೊಂಡಿತ್ತು.

ವ್ಯವಸ್ಥೆ ಕ್ರಮೇಣ ಬದಲಾಯಿತು. 1987ರಲ್ಲಿ ಭ್ರೂಣಲಿಂಗ ತಿಳಿಸುವುದನ್ನು ನಿಷೇಧಿಸಲಾಯಿತು. 1988ರಲ್ಲಿ ರಾಷ್ಟ್ರೀಯ ಪಿಂಚಣಿ ಆರಂಭವಾಯಿತು. 1991ರಿಂದ ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಸಮಪಾಲು ದೊರೆಯಿತು. 2005ರಲ್ಲಿ ಸಂವಿಧಾನ ನ್ಯಾಯಾಲಯವು ಹೋಜು ಪದ್ಧತಿಯ ವಿರುದ್ಧ ತೀರ್ಪಿತ್ತು, 2008ರಲ್ಲಿ ಅದು ರದ್ದಾಯಿತು. ಇವುಗಳೊಂದಿಗೆ ಮಹಿಳೆಯರ ಶಿಕ್ಷಣ, ಉದ್ಯೋಗ ಮತ್ತು ನಗರಜೀವನವೂ ಹೆಚ್ಚಿದವು. 2007ರ ವೇಳೆಗೆ ಅಲ್ಲಿನ ಜನನ ಅನುಪಾತ ಸಹಜ ಮಟ್ಟಕ್ಕೆ ಮರಳಿತ್ತು.

ನಮ್ಮ ರಾಜ್ಯದಲ್ಲಿ 2011ರ ಜನಗಣತಿಯಂತೆ 6 ವರ್ಷದವರೆಗಿನ 1000 ಗಂಡುಮಕ್ಕಳಿಗೆ 948 ಹೆಣ್ಣುಮಕ್ಕಳಿದ್ದರು. ಕಾನೂನಿನ ಕೊರತೆ ನಮ್ಮಲ್ಲಿಲ್ಲ. ಭ್ರೂಣಲಿಂಗ ಪತ್ತೆಯನ್ನು 1994ರ ಕಾಯ್ದೆ ನಿಷೇಧಿಸಿದೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಸಮಾನ ಹಕ್ಕನ್ನು ಕರ್ನಾಟಕವು 1994ರಲ್ಲಿ, ಕೇಂದ್ರವು 2005ರಲ್ಲಿ ನೀಡಿವೆ. ತಂದೆತಾಯಿಯರ ಪೋಷಣೆಯ ಹೊಣೆಯನ್ನು 2007ರ ಕಾಯ್ದೆ ಮಗಳಿಗೂ ವಹಿಸಿದೆ.

ಆದರೂ ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಪೌತಿ ಖಾತೆಯ ಸಂದರ್ಭದಲ್ಲಿ ಅರಿಶಿನ-ಕುಂಕುಮದ ಹೆಸರಿನಲ್ಲಿ ಅಲ್ಪ ಹಣ ನೀಡಿ ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳುವುದುಂಟು. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಅವರು ಸಹಿ ಹಾಕುತ್ತಾರೆ. ಆಸ್ತಿ ಮಗನದಾದಾಗ ಪೋಷಣೆಯೂ ಮಗನದೇ ಆಗುತ್ತದೆ. ಮುಂದಿನ ತಲೆಮಾರು ಅದನ್ನು ಕಂಡು ಮತ್ತೆ ಮಗನನ್ನೇ ಬಯಸುತ್ತದೆ.

ಈ ಸರಪಳಿಯನ್ನು ಸಡಿಲಿಸುವ ಕೆಲಸ ಗ್ರಾಮ ಪಂಚಾಯತಿಯಲ್ಲಿಯೇ ಆರಂಭವಾಗಬಹುದು. ಸದಸ್ಯರು ತಮ್ಮ ವಾರ್ಡಿನಲ್ಲಿ ಈ ಕೆಳಗಿನ ಅಂಶಗಳಿಗೆ ಗಮನ ನೀಡಬೇಕೆಂದು ಕೋರಿದೆ:

1. ವಾರಸಾ ಖಾತೆ ಬದಲಾವಣೆಯ ಅರ್ಜಿಯಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳುವುದು. ಹಕ್ಕು ಬಿಡುವುದು ಕಡ್ಡಾಯವಲ್ಲವೆಂದು ತಿಳಿಸುವುದು.

2. ಹೆಣ್ಣುಮಕ್ಕಳಷ್ಟೇ ಇರುವ ಅರ್ಹ ವೃದ್ಧರಿಗೆ ಪಿಂಚಣಿ ಅರ್ಜಿ ಸಲ್ಲಿಸಲು ನೆರವಾಗುವುದು.

3. ಭ್ರೂಣಲಿಂಗ ಪತ್ತೆಯ ಸುಳಿವು ದೊರೆತರೆ ಆರೋಗ್ಯ ಇಲಾಖೆಗೆ ತಿಳಿಸುವುದು, ಗರ್ಭಿಣಿಯನ್ನು ದೂಷಿಸದಿರುವುದು.

ಮಗಳಿದ್ದರೂ ಮುಪ್ಪು ನಿಶ್ಚಿಂತೆಯಿಂದ ಕಳೆಯುತ್ತದೆ ಎಂಬುದನ್ನು ಊರು ಕಣ್ಣಾರೆ ಕಾಣಬೇಕು. ಗೋಡೆಬರಹಕ್ಕೆ ಬಲ ಬರುವುದು ಆಗಲೇ.

— ಪಂಚಾಯತಿ ಅಭಿವೃದ್ಧಿ ಅಧಿಕಾರಿ