ಎರಡು ಪಟ್ಟಿಗಳ ಜೋಡಣೆ: ಗಣಕಯಂತ್ರದಲ್ಲಿ ಚರಗಳಿಗೆ ಮೌಲ್ಯ ನೀಡುವ ವಿಧಾನ

ಗಣಕಯಂತ್ರದ ಕ್ರಮವಿಧಿಯಲ್ಲಿ ಒಂದು ಮೌಲ್ಯವನ್ನು ಇರಿಸಲು ಬಳಸುವ ಹೆಸರನ್ನು 'ಚರ' ಎಂದು ಕರೆಯಲಾಗುತ್ತದೆ. ಒಂದು ಪಟ್ಟಿಯಲ್ಲಿರುವ ಮೌಲ್ಯಗಳನ್ನು ಮತ್ತೊಂದು ಪಟ್ಟಿಯಲ್ಲಿರುವ ಚರಗಳಿಗೆ ನೀಡುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

1. ಉದಾಹರಣೆ

ಚಿಕ್ಕಮಗಳೂರು ಜಿಲ್ಲೆಯ ಮೂರು ತಾಲ್ಲೂಕು ಕೇಂದ್ರಗಳ ಪಿನ್ ಕೋಡ್‌ಗಳು ಈ ಕೆಳಕಂಡಂತಿವೆ:

ಕೊಪ್ಪ – 577126
ಶೃಂಗೇರಿ – 577139
ನರಸಿಂಹರಾಜಪುರ – 577134

ಪಿನ್ ಕೋಡ್ ಪದ್ಧತಿಯು ದಿನಾಂಕ 15-8-1972ರಂದು ಜಾರಿಗೆ ಬಂದಿತು. ಮೇಲ್ಕಂಡ ಮೂರರಲ್ಲೂ ಮೊದಲ ಮೂರು ಅಂಕಿಗಳು ಒಂದೇ ಆಗಿದ್ದು, ಕೊನೆಯ ಮೂರು ಅಂಕಿಗಳಿಂದ ಅಂಚೆ ಕಚೇರಿಯನ್ನು ಗುರುತಿಸಲಾಗುತ್ತದೆ.

2. ಸ್ಥಾನಾನುಸಾರ ಜೋಡಣೆ

ಪೈಥಾನ್ 3 ಭಾಷೆಯಲ್ಲಿ ಚರಗಳ ಹೆಸರನ್ನು ಕನ್ನಡದಲ್ಲಿಯೂ ಬರೆಯಬಹುದಾಗಿದೆ:

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ = 577126, 577139, 577134

ಇಲ್ಲಿ ಎಡಬದಿಯ ಮೊದಲನೆಯ ಹೆಸರಿಗೆ ಬಲಬದಿಯ ಮೊದಲನೆಯ ಸಂಖ್ಯೆ, ಎರಡನೆಯದಕ್ಕೆ ಎರಡನೆಯದು ಸೇರುತ್ತದೆ. ಗಣಕಯಂತ್ರವು ಸ್ಥಾನವನ್ನು ಮಾತ್ರ ನೋಡುತ್ತದೆಯೇ ಹೊರತು ಅರ್ಥವನ್ನಲ್ಲ.

3. ಸಂಭವಿಸಬಹುದಾದ ದೋಷ

ಸಂಖ್ಯೆಗಳ ಪಟ್ಟಿಯನ್ನು ಮಾತ್ರ ಏರಿಕೆ ಕ್ರಮದಲ್ಲಿ ಜೋಡಿಸಿದಲ್ಲಿ ಅದು 577126, 577134, 577139 ಎಂದಾಗುತ್ತದೆ. ಆಗ ಶೃಂಗೇರಿಗೆ ನರಸಿಂಹರಾಜಪುರದ ಸಂಖ್ಯೆಯೂ, ನರಸಿಂಹರಾಜಪುರಕ್ಕೆ ಶೃಂಗೇರಿಯ ಸಂಖ್ಯೆಯೂ ಸೇರುತ್ತವೆ. ಶೃಂಗೇರಿಯ ಫಲಾನುಭವಿಗೆ ಕಳುಹಿಸಿದ ಪಿಂಚಣಿ ಆದೇಶವು ಬೇರೊಂದು ಅಂಚೆ ಕಚೇರಿಯ ಕಡೆಗೆ ಹೋಗಿ ವಿಳಂಬವಾಗಬಹುದು. ಎರಡೂ ಪಟ್ಟಿಗಳಲ್ಲಿ ಮೂರು ಮೂರು ಅಂಶಗಳಿರುವುದರಿಂದ ಯಾವುದೇ ದೋಷ ಸೂಚನೆ ಬರುವುದಿಲ್ಲ. ಲೆಕ್ಕಪತ್ರದಲ್ಲಿ ಒಬ್ಬರ ಖಾತೆಗೆ ಜಮೆ ಮಾಡಬೇಕಾದ ಮೊತ್ತವನ್ನು ಮತ್ತೊಬ್ಬರ ಖಾತೆಗೆ ಜಮೆ ಮಾಡಿದರೂ ತಾಳೆಪಟ್ಟಿಯು ಸರಿಹೊಂದುವಂತೆಯೇ ಇದು.

ಅಂಶಗಳ ಸಂಖ್ಯೆ ವ್ಯತ್ಯಾಸವಾದಲ್ಲಿ ಮೇಲ್ಕಂಡ ಸಾಲು ದೋಷ ಸೂಚನೆಯೊಂದಿಗೆ ನಿಲ್ಲುತ್ತದೆ. ಆದರೆ 'ಝಿಪ್' ಎಂಬ ಆದೇಶವು ಚಿಕ್ಕ ಪಟ್ಟಿ ಮುಗಿದೊಡನೆ ಉಳಿದ ಅಂಶಗಳನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. 2021ರಲ್ಲಿ ಬಿಡುಗಡೆಯಾದ ಪೈಥಾನ್ 3.10 ಆವೃತ್ತಿಯಿಂದ ಲಭ್ಯವಿರುವ 'ಸ್ಟ್ರಿಕ್ಟ್' ಆಯ್ಕೆಯು ಈ ವ್ಯತ್ಯಾಸವನ್ನು ತಿಳಿಸುತ್ತದೆ. ಕ್ರಮ ತಪ್ಪಿರುವುದನ್ನು ಅದೂ ತಿಳಿಸಲಾರದು.

4. ಸಂಕೇತದ ಮೂಲಕ ಜೋಡಣೆ

ಪ್ರತಿ ಮೌಲ್ಯವನ್ನು ಅದರ ಹೆಸರಿನೊಂದಿಗೇ ಇರಿಸುವ 'ಡಿಕ್ಷನರಿ' ವಿಧಾನದಲ್ಲಿ ಕ್ರಮ ಬದಲಾದರೂ ಜೋಡಣೆ ತಪ್ಪುವುದಿಲ್ಲ. ಆದರೆ 'ನರಸಿಂಹರಾಜಪುರ' ಮತ್ತು 'ಎನ್.ಆರ್.ಪುರ' ಎಂಬುವು ಗಣಕಯಂತ್ರಕ್ಕೆ ಎರಡು ಬೇರೆ ಊರುಗಳು. ಅದೇ ಊರಿನ ಹಿಂದಿನ ಹೆಸರಾದ 'ಎಡೇಹಳ್ಳಿ' ಮೂರನೆಯದು. ಆದುದರಿಂದ ಹೆಸರಿಗಿಂತ ಸಂಕೇತ ಸಂಖ್ಯೆಯೇ ಹೆಚ್ಚು ಭದ್ರವಾದ ಆಧಾರ. ಈ ಉದ್ದೇಶಕ್ಕಾಗಿ ಕೇಂದ್ರ ಪಂಚಾಯತ್ ರಾಜ್ ಮಂತ್ರಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಪ್ರತಿ ಜಿಲ್ಲೆ, ತಾಲ್ಲೂಕು ಹಾಗೂ ಗ್ರಾಮಕ್ಕೆ ಪ್ರತ್ಯೇಕ ಸಂಕೇತ ನೀಡಲಾಗಿದೆ.

5. ಗಮನಿಸಬೇಕಾದ ಅಂಶಗಳು

(ಅ) ಹೆಸರು ಮತ್ತು ಮೌಲ್ಯಗಳನ್ನು ಒಂದೇ ಸಾಲಿನಲ್ಲಿ ದಾಖಲಿಸುವುದು.
(ಆ) ಕ್ರಮ ಬದಲಿಸುವಾಗ ಇಡೀ ಸಾಲನ್ನೇ ಬದಲಿಸುವುದು.
(ಇ) ಜೋಡಣೆಯ ನಂತರ ಕೆಲವು ನಮೂದುಗಳನ್ನು ಮೂಲ ದಾಖಲೆಯೊಂದಿಗೆ ತಾಳೆ ನೋಡುವುದು. ಎಣಿಕೆ ಸರಿಯಿದೆ ಎಂಬುದಷ್ಟೇ ಸಾಲದು.