ಗಂಗೆಯ ನೀರಿನಿಂದ ಕರುಳಿನವರೆಗೆ

ಗಂಗೆ, ಯಮುನೆಯರ ನೀರಿಗೆ ಬಿದ್ದ ಕಾಲರಾ ರೋಗಾಣು ಬೇಗ ಸಾಯುತ್ತದೆ, ಅದೇ ನೀರನ್ನು ಮೊದಲೇ ಕುದಿಸಿಟ್ಟಿದ್ದರೆ ಸಾಯುವುದಿಲ್ಲ. 1896ರಲ್ಲಿ ವಿಜ್ಞಾನಿ ಅರ್ನೆಸ್ಟ್ ಹ್ಯಾಂಕಿನ್ ಹೀಗೆಂದು ಬರೆದಾಗ ಕಾರಣ ಯಾರಿಗೂ ಗೊತ್ತಿರಲಿಲ್ಲ. ಅದು ಬ್ಯಾಕ್ಟೀರಿಯಾಗಳನ್ನೇ ಬೇಟೆಯಾಡುವ ವೈರಸ್, ಅಂದರೆ ಫೇಜ್ ಇರಬೇಕು ಎಂದು ಮುಂದಿನವರು ಊಹಿಸಿದರು.

ಅದಕ್ಕೆ ಬ್ಯಾಕ್ಟೀರಿಯೋಫೇಜ್ ಎಂಬ ಹೆಸರು ಬಂದದ್ದು 1917ರಲ್ಲಿ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಫೆಲಿಕ್ಸ್ ಡಿ'ಹೆರೆಲ್ ಅದನ್ನು ಕಂಡದ್ದು ರಕ್ತಭೇದಿ ರೋಗಿಗಳ ಮಲದಲ್ಲಿ. ಹಾಗಾಗಿ ರೋಗಾಣುವಿನ ಮೇಲೆ ಫೇಜ್ ಬಿಡುವ ಚಿಕಿತ್ಸೆ ಹುಟ್ಟಿದ್ದೇ ಕರುಳಿನ ಕಾಯಿಲೆಯಿಂದ. ಹತ್ತು ವರ್ಷದ ನಂತರ ಆತ ಪಂಜಾಬಿಗೂ ಬಂದು ಕಾಲರಾ ಮೇಲೆ ಪ್ರಯೋಗ ನಡೆಸಿದ. ಆಮೇಲೆ ಆ್ಯಂಟಿಬಯೋಟಿಕ್ ಬಂತು. ಜಾರ್ಜಿಯಾದಂಥ ಕೆಲವು ಕಡೆ ಬಿಟ್ಟರೆ ಎಲ್ಲರೂ ಫೇಜನ್ನು ಮರೆತರು.

ಆ್ಯಂಟಿಬಯೋಟಿಕ್ ಕರುಳಿನ ಉಪಕಾರಿ ಜೀವಿಗಳನ್ನೂ ಕೊಲ್ಲುತ್ತದೆ. ಫೇಜ್ ತನಗೆ ಹೊಂದುವ ತಳಿಯನ್ನಷ್ಟೇ ಹಿಡಿಯುತ್ತದೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚಿದಂತೆ ಈ ಗುಣಕ್ಕೆ ಮತ್ತೆ ಬೆಲೆ ಬಂತು. ಬೆಂಗಳೂರಿನಲ್ಲಿ ಜೆ. ರಾಮಚಂದ್ರನ್ 2000ದಲ್ಲಿ ಕಟ್ಟಿದ ಕಂಪನಿಯ ಹೆಸರಿನಲ್ಲೇ ಗಂಗೆ ಇದ್ದಾಳೆ: ಗಂಗಾಜೆನ್. ಅಲ್ಲಿ ಫೇಜ್‌ನ ಕಿಣ್ವದಿಂದ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ ವಿರುದ್ಧದ ಪಿ128 ಎಂಬ ಪ್ರೋಟೀನ್ ರೂಪುಗೊಂಡಿತು. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಇಡ್ಯ ಮತ್ತು ಇಂದ್ರಾಣಿ ಕರುಣಾಸಾಗರ್ ಅವರ ತಂಡ ಸಿಗಡಿ ಮರಿಗಳನ್ನು ಕೊಲ್ಲುವ ವಿಬ್ರಿಯೊ ಹಾರ್ವೆಯಿ ಮೇಲೆ ಫೇಜ್ ಬಿಟ್ಟಿತು. 2006ರಲ್ಲಿ ಪ್ರಕಟವಾದ ಹ್ಯಾಚರಿ ಪ್ರಯೋಗದಲ್ಲಿ ಫೇಜ್ ಹಾಕಿದ ತೊಟ್ಟಿಗಳಲ್ಲಿ ಶೇ 86ರಷ್ಟು ಮರಿಗಳು ಬದುಕಿದವು. ಆ್ಯಂಟಿಬಯೋಟಿಕ್ ಹಾಕಿದ ಕಡೆ ಬದುಕಿದ್ದು ಶೇ 40.

ಮನುಷ್ಯನ ಕರುಳು ಸಿಗಡಿ ತೊಟ್ಟಿಯಷ್ಟು ಸರಳವಲ್ಲ. ಢಾಕಾದಲ್ಲಿ 120 ಪುಟ್ಟ ಮಕ್ಕಳ ಭೇದಿಗೆ ಇ. ಕೊಲೈ ಫೇಜ್ ಕುಡಿಸಿದ ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು. ಮಕ್ಕಳಿಗೆ ತೊಂದರೆಯಾಗಲಿಲ್ಲ, ಆದರೆ ಭೇದಿಯೂ ಬೇಗ ನಿಲ್ಲಲಿಲ್ಲ. ಎಷ್ಟೋ ಮಕ್ಕಳಲ್ಲಿ ಇ. ಕೊಲೈ ಜೊತೆಗೆ ಬೇರೆ ರೋಗಾಣುಗಳೂ ಇದ್ದವು, ಫೇಜ್ ಒಳಗೆ ಹೆಚ್ಚೇನೂ ಬೆಳೆಯಲಿಲ್ಲ. 2022ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಎರಾನ್ ಎಲಿನಾವ್ ತಂಡ ಬೇರೆ ದಾರಿ ಹಿಡಿಯಿತು. ಕರುಳಿನ ಉರಿಯೂತದ ರೋಗಿಗಳಲ್ಲಿ ಕಂಡ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾದ ತಳಿಯನ್ನು ಮೊದಲು ಗುರುತಿಸಿ, ಅದಕ್ಕೆ ಹೊಂದುವ ಹಲವು ಫೇಜ್‌ಗಳ ಮಿಶ್ರಣ ಮಾಡಿತು. ಇಲಿಗಳಲ್ಲಿ ಉರಿಯೂತ ತಗ್ಗಿತು. ಆರೋಗ್ಯವಂತ ಸ್ವಯಂಸೇವಕರು ನುಂಗಿದ ಫೇಜ್‌ಗಳು ಜೀರ್ಣಾಂಗದಲ್ಲಿ ಉಳಿದವು.

ತಳಿಗೆ ತಕ್ಕ ಫೇಜ್ ಬೇಕೆಂದ ಮೇಲೆ ಹೊರಗಿನಿಂದ ತಂದದ್ದು ಇಲ್ಲಿಯ ರೋಗಾಣುವಿಗೆ ಹೊಂದುತ್ತದೆ ಎನ್ನಲಾಗದು. ಬ್ಯಾಕ್ಟೀರಿಯಾ ಇದ್ದಲ್ಲೆಲ್ಲ ಫೇಜ್ ಇರುತ್ತದೆ, ಚರಂಡಿ ನೀರಿನಲ್ಲಂತೂ ಹೇರಳ. ತುಮಕೂರಿನ ಮರಳೂರು ಕೆರೆಯ ನೀರೂ ಇದಕ್ಕೆ ಹೊರತಲ್ಲ. ನಮ್ಮ ವೈದ್ಯಕೀಯ ಕಾಲೇಜುಗಳು ತಮ್ಮ ರೋಗಿಗಳ ತಳಿಗಳನ್ನೂ ತಮ್ಮ ಊರಿನ ಫೇಜ್‌ಗಳನ್ನೂ ಒಟ್ಟಿಗೆ ಸಂಗ್ರಹಿಸಿಡುವ ಕೆಲಸಕ್ಕೆ ಈಗಲೇ ಕೈಹಾಕಬೇಕು.