ಪೆಟ್ರೋಲಿನೊಳಗಿನ ನುಚ್ಚಕ್ಕಿ

ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ಹೆದ್ದಾರಿಯ ಮೇಲಿನ ಊರುಗಳು. ಈ ದಾರಿಯ ಬಂಕುಗಳಲ್ಲಿ ಈಗ ಸಾಮಾನ್ಯ ಪೆಟ್ರೋಲ್ ಎಂದರೆ ಇ-20, ಅಂದರೆ ಐದರಲ್ಲಿ ಒಂದು ಪಾಲು ಎಥೆನಾಲ್ ಬೆರೆತ ಇಂಧನ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಈ ಮಿಶ್ರಣ 2025ರ ಹೊತ್ತಿಗೆ ದೇಶದ ರೂಢಿಯಾಯಿತು. ಎಥೆನಾಲ್ ಬರುವುದು ಕಬ್ಬಿನಿಂದ ಮಾತ್ರವಲ್ಲ, ಮೆಕ್ಕೆಜೋಳ ಮತ್ತು ನುಚ್ಚಕ್ಕಿಯಿಂದಲೂ. ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ, ಯೀಸ್ಟ್ ಆ ಸಕ್ಕರೆಯನ್ನು ಹುದುಗಿಸುತ್ತದೆ. ಬಟ್ಟಿ ಇಳಿಸಿದಾಗ ಒಂದು ಟನ್ ನುಚ್ಚಿನಿಂದ ಸುಮಾರು 450 ಲೀಟರ್ ಎಥೆನಾಲ್ ದೊರೆಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆದು ಗಿರಣಿಗಳಲ್ಲಿ ಅಕ್ಕಿ ಮಾಡಿಸುವ ಸಿಂಧನೂರಿಗೆ ಈ ರಸಾಯನ ಪರಕೀಯವಲ್ಲ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 32 ಮೆಗಾಜೂಲ್ ಶಕ್ತಿ ಹೊರಬರುತ್ತದೆ, ಎಥೆನಾಲಿನಿಂದ ಸುಮಾರು 21. ತನ್ನ ಅಣುವಿನಲ್ಲೇ ಆಮ್ಲಜನಕವನ್ನು ಹೊತ್ತ ಎಥೆನಾಲ್ ಆಗಲೇ ಭಾಗಶಃ ಉರಿದಂತಿರುವುದೇ ಇದಕ್ಕೆ ಕಾರಣ. ಲೆಕ್ಕ ಹಾಕಿದರೆ ಶುದ್ಧ ಪೆಟ್ರೋಲಿಗಿಂತ ಇ-20ರಲ್ಲಿ ಶೇ 6ರಿಂದ 7ರಷ್ಟು ಶಕ್ತಿ ಕಡಿಮೆ. ಮೈಲೇಜ್ ಇಳಿಯಿತೆಂಬ ಸವಾರರ ಮಾತಿನಲ್ಲಿ ಭೌತಶಾಸ್ತ್ರವಿದೆ; ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಇನ್ನೊಂದೆಡೆ, ಎಥೆನಾಲಿನ ಆಕ್ಟೇನ್ ಸಂಖ್ಯೆ 108ರ ಆಸುಪಾಸಿನಲ್ಲಿದೆ. ಕಿಡಿಯ ಜ್ವಾಲೆ ತಲುಪುವ ಮುನ್ನವೇ ಇಂಧನ ತಾನಾಗಿ ಸಿಡಿದು ಇಂಜಿನ್ ಬಡಿದುಕೊಳ್ಳದಂತೆ ತಡೆಯುವ ಗುಣದ ಅಳತೆ ಅದು, ಶಕ್ತಿಯ ಅಳತೆಯಲ್ಲ. ಆದ್ದರಿಂದ ಸಾಧಾರಣ ಬೈಕಿಗೆ ಹೆಚ್ಚು ಆಕ್ಟೇನಿನ ದುಬಾರಿ ಪ್ರೀಮಿಯಂ ಪೆಟ್ರೋಲ್ ಹಾಕಿಸಿದರೆ ಹೆಚ್ಚಿನ ಲಾಭವಿಲ್ಲ.

ಮಿಶ್ರಣ ಗ್ರಾಹಕನ ಕೈಯಲ್ಲಿಲ್ಲವಾದರೂ ಬಂಕ್ ಅವನ ಆಯ್ಕೆಯೇ. ಇಲ್ಲಿ ಮುಖ್ಯ ಶತ್ರು ನೀರು. ಎಥೆನಾಲ್ ನೀರನ್ನು ಬಿಡದೆ ಹೀರುತ್ತದೆ, ಮಿತಿ ಮೀರಿದರೆ ಪೆಟ್ರೋಲನ್ನು ತೊರೆದು ನೀರಿನೊಡನೆ ತೊಟ್ಟಿಯ ತಳಕ್ಕೆ ಪ್ರತ್ಯೇಕ ಪದರವಾಗಿ ಇಳಿಯುತ್ತದೆ. ಆ ಪದರ ವಾಹನದ ಟ್ಯಾಂಕಿಗೆ ಬಂದರೆ ಇಂಜಿನ್ ಹತ್ತುವುದೇ ಇಲ್ಲ. ಹಾಗಾಗಿ ಮಳೆಗಾಲದಲ್ಲಿ ನೀರು ನಿಲ್ಲುವ ತಗ್ಗಿನ ಬಂಕಿಗಿಂತ, ದಿನವೂ ಸಾಕಷ್ಟು ಮಾರಾಟವಾಗಿ ಹೊಸ ಟ್ಯಾಂಕರ್ ಬರುತ್ತಿರುವ ಬಂಕ್ ಮೇಲು. ತಿಂಗಳುಗಟ್ಟಲೆ ನಿಲ್ಲಿಸಿಡುವ ಬೈಕಿಗೂ ಇದೇ ಅಪಾಯವುಂಟು. ಇ-20ಕ್ಕೆಂದು ರೂಪಿಸದ, 2023ರ ಏಪ್ರಿಲ್‌ಗಿಂತ ಹಳೆಯ ವಾಹನಗಳಲ್ಲಿ ರಬ್ಬರ್ ಪೈಪು, ವಾಷರುಗಳನ್ನು ಸರ್ವಿಸ್ ವೇಳೆ ಪರೀಕ್ಷಿಸುವುದು ಅಗತ್ಯ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ನಸುಕಿನಲ್ಲೇ ಪೆಟ್ರೋಲ್ ಹಾಕಿಸಬೇಕೆಂಬ ನಂಬಿಕೆಯಿದೆ. ಹತ್ತು ಡಿಗ್ರಿ ಬಿಸಿಯೇರಿದರೆ ಪೆಟ್ರೋಲ್ ಶೇ 1ರಷ್ಟು ಹಿಗ್ಗುವುದು ನಿಜ. ಆದರೆ ನೆಲದಡಿಯ ತೊಟ್ಟಿಯಲ್ಲಿ ಹಗಲು-ರಾತ್ರಿಯ ಉಷ್ಣತೆ ಅಷ್ಟೇನೂ ಏರಿಳಿಯದು. ಗುಣಮಟ್ಟದ ಸಂದೇಹವಿದ್ದರೆ ಸಾಂದ್ರತೆ ಪರೀಕ್ಷೆ ಹೆಚ್ಚು ಉಪಯುಕ್ತ: ಬಂಕಿನಲ್ಲಿ ಅಳೆದು 15 ಡಿಗ್ರಿಗೆ ಪರಿವರ್ತಿಸಿದ ಅಂಕಿ, ಟ್ಯಾಂಕರ್ ಬಂದಾಗ ದಾಖಲಾದ ಅಂಕಿಗಿಂತ ಘನಮೀಟರಿಗೆ 3 ಕಿಲೋಗ್ರಾಂಗೂ ಮೀರಿ ಬೇರೆಯಾಗಿರಬಾರದು. ಅಳತೆಯ ಅನುಮಾನಕ್ಕೆ ಮುದ್ರೆಯಿರುವ ಐದು ಲೀಟರ್ ಮಾಪನ ಕೇಳುವ ಹಕ್ಕು ಪ್ರತಿ ಗ್ರಾಹಕನಿಗಿದೆ. ಅದರಲ್ಲಿ 25 ಮಿಲಿಲೀಟರ್ ದಾಟಿ ಕೊರತೆ ಕಂಡರೆ ದೋಷ ಯಂತ್ರದ್ದು.